ಮುಂಬಯಿಯ ಪ್ಲೇಗು, ಎಡಿನ್‌ಬರೋದ ಗಣಿತ

ಮುಂಬಯಿಯಲ್ಲಿ 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ಪ್ಲೇಗಿಗೆ ವಾರವಾರವೂ ಬಲಿಯಾದವರ ಲೆಕ್ಕವನ್ನು ಬಿಂದುಗಳಾಗಿ ಗುರುತಿಸಿ ನೋಡಿದರೆ, ಅವು ಮೊದಲು ಮೆಲ್ಲಗೆ, ಬಳಿಕ ರಭಸದಿಂದ ಮೇಲೇರಿ, ಶಿಖರವನ್ನು ಮುಟ್ಟಿ, ಹೆಚ್ಚುಕಡಿಮೆ ಏರಿದ ರೀತಿಯಲ್ಲಿಯೇ ಇಳಿಯುತ್ತವೆ. ಸಮೀಕರಣವೊಂದರಿಂದ ಹುಟ್ಟಿದ ವಕ್ರರೇಖೆಯು ಈ ಬಿಂದುಗಳಿಗೆ ಬಹುಮಟ್ಟಿಗೆ ಹೊಂದುವುದೆಂದು ತೋರಿಸಿದ ಪ್ರಬಂಧವು 1927ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾಂಕ್ರಾಮಿಕಗಳ ಗಣಿತಕ್ಕೆ ಇಂದಿಗೂ ಆಧಾರಭೂತವಾಗಿರುವ ಬರಹ ಅದೇ.

ಅದರ ಇಬ್ಬರು ಕರ್ತೃಗಳಲ್ಲಿ ಮೆಕೆಂಡ್ರಿಕ್ ಅವರು ಭಾರತದ ವೈದ್ಯಸೇವೆಯಲ್ಲಿದ್ದು, ಕಸೌಲಿಯ ಪಾಸ್ಟರ್ ಸಂಸ್ಥೆಯಲ್ಲಿ ದುಡಿದು, ಮಲೇರಿಯಾದ ರಹಸ್ಯವನ್ನು ಭೇದಿಸಿದ ರೊನಾಲ್ಡ್ ರಾಸ್‌ರ ಸಹವಾಸದಿಂದ ಗಣಿತದ ಗೀಳನ್ನು ಹತ್ತಿಸಿಕೊಂಡು ಎಡಿನ್‌ಬರೋಗೆ ಮರಳಿದವರು. ಕರ್ಮ್ಯಾಕ್ ರಸಾಯನಶಾಸ್ತ್ರಜ್ಞರು; 1924ರಲ್ಲಿ ಪ್ರಯೋಗಶಾಲೆಯ ಸ್ಫೋಟವೊಂದರಲ್ಲಿ ದೃಷ್ಟಿಯನ್ನು ಕಳೆದುಕೊಂಡಿದ್ದ ಅವರು, ತಮ್ಮ ಹೆಸರನ್ನು ಚಿರಸ್ಥಾಯಿಯಾಗಿಸಿದ ಆ ರೇಖೆಯನ್ನು ಕಣ್ಣಾರೆ ಕಂಡವರಲ್ಲ.

ರೋಗವು ತಗುಲಬಹುದಾದವರು, ರೋಗಗ್ರಸ್ತರು, ಗುಣಹೊಂದಿಯೋ ಮಡಿದೋ ಲೆಕ್ಕದಿಂದ ಹೊರಬಿದ್ದವರು ಎಂದು ಅವರಿಬ್ಬರೂ ಊರಿನ ಜನರನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಮೊದಲೆರಡು ವರ್ಗದವರು ಪರಸ್ಪರ ಸಂಧಿಸಿದಷ್ಟೂ ರೋಗವು ಹಬ್ಬುವುದು. ಕಾಲಕ್ರಮದಲ್ಲಿ ಎರಡನೆಯ ವರ್ಗವು ಮೂರನೆಯದಕ್ಕೆ ಸರಿಯುವುದು. ಪಿಡುಗು ಏಕೆ ನಿಲ್ಲುತ್ತದೆಂಬ ಪ್ರಶ್ನೆಗೆ, ತಗುಲಬಹುದಾದವರೆಲ್ಲರೂ ಮುಗಿದುಹೋದರೆಂದೋ ರೋಗಾಣುವಿನ ಉಗ್ರತೆ ಕುಂದಿತೆಂದೋ ಅದುವರೆಗೆ ಉತ್ತರ ಹೇಳುವುದಿತ್ತು. ಇವೆರಡೂ ಅನಾವಶ್ಯಕವೆಂದು ಗಣಿತವು ತೋರಿಸಿತು. ತಗುಲಬಹುದಾದವರ ಸಾಂದ್ರತೆಯು ಒಂದು ಮಿತಿಗಿಂತ ಕೆಳಗಿಳಿದೊಡನೆ, ಒಬ್ಬ ರೋಗಿಯು ತಾನು ಗುಣವಾಗುವುದರೊಳಗೆ ಸರಾಸರಿ ಒಬ್ಬನಿಗೂ ರೋಗವನ್ನು ದಾಟಿಸಲಾರದೆ ಹೋಗುವುದರಿಂದ, ರೋಗವು ತಾನಾಗಿ ಕ್ಷೀಣಿಸುತ್ತದೆ. ಮೊದಲಿನ ರೋಗಿಯೊಬ್ಬನಿಂದ ಇಬ್ಬರಿಗೆ ಅಂಟುವ ವ್ಯಾಧಿಯನ್ನು ಅದರ ಪಾಡಿಗೆ ಬಿಟ್ಟರೂ ನೂರು ಮಂದಿಯಲ್ಲಿ ಸುಮಾರು 20 ಜನ ಅದನ್ನು ಕಾಣದೆಯೇ ಉಳಿಯುತ್ತಾರೆ. ಲಸಿಕೆಯನ್ನು ಪ್ರತಿಯೊಬ್ಬರಿಗೂ ಹಾಕದೆಯೇ ಸಮಾಜವನ್ನು ಕಾಪಾಡಬಹುದೆಂಬ ಭರವಸೆಗೂ ಈ ಮಿತಿಯೇ ಮೂಲ.

ಆದರೆ ಮುಂಬಯಿಯ ರೇಖೆಯನ್ನು ಅಷ್ಟು ನೆಚ್ಚಬಾರದೆಂದು ನನ್ನ ಎಣಿಕೆ. ಆ ಸಮೀಕರಣದಲ್ಲಿ ಇಲಿಯೇ ಇಲ್ಲ! ಮನುಷ್ಯರ ಪ್ಲೇಗು ಇಲಿಗಳ ಪ್ಲೇಗಿನ ಪ್ರತಿಬಿಂಬವೆಂಬುದನ್ನು ಕರ್ತೃಗಳೇ ಒಪ್ಪಿಕೊಂಡಿದ್ದರೆಂಬುದು ದಿಟವಾದರೂ, ಆ ಪಿಡುಗು ವರ್ಷವರ್ಷವೂ ಚಳಿಗಾಲದಲ್ಲಿ ಏರಿ ಬೇಸಗೆ ಬಲಿತಂತೆ ಇಳಿಯುತ್ತಿತ್ತೆಂಬುದಕ್ಕೆ ಅವರ ಸೂತ್ರದಲ್ಲಿ ಎಡೆಯಿರಲಿಲ್ಲ. ಇಳಿತಕ್ಕೆ ಅವರು ಕೊಟ್ಟ ಕಾರಣವೊಂದು. ರೋಗವನ್ನು ಹೊತ್ತೊಯ್ಯುವ ಇಲಿಯ ಚಿಗಟವನ್ನು ನಿಯಂತ್ರಿಸುತ್ತಿದ್ದ ಉಷ್ಣ ಮತ್ತು ಆರ್ದ್ರತೆ ಮತ್ತೊಂದು. ಸೂತ್ರವು ಬಿಟ್ಟ ಇಲಿಯನ್ನು ನಮ್ಮ ಸೀಮೆಯ ಹಳ್ಳಿಗರಾದರೋ ಮರೆತಿರಲಿಲ್ಲ; ಮನೆಯಲ್ಲಿ ‘ಇಲಿ ಬಿತ್ತು’ ಎಂದೊಡನೆ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನಗರದಲ್ಲಿಯೂ ಹೀಗೆಯೇ ಜನ ಹೊರಕ್ಕೆ ಸರಿದರು: 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಾಗ ಇಕ್ಕಟ್ಟಾದ ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರಗಳು ವಿಶಾಲವಾದ ಬೀದಿಗಳೊಡನೆ ಬೆಳೆದುವು.

2012ರಲ್ಲಿ ಫ್ರಾನ್ಸಿನ ಗಣಿತಜ್ಞ ನಿಕೊಲಾ ಬಕಾಯೆರ್ ಅವರು ಇಲಿ, ಚಿಗಟ, ಋತುಮಾನಗಳನ್ನೂ ಒಳಗೊಂಡ ಸಮೀಕರಣಗಳಿಂದ ಮುಂಬಯಿಯ ಲೆಕ್ಕವನ್ನು ಮರಳಿ ಪರಿಶೀಲಿಸಿದರು. ಹಳೆಯ ರೇಖೆ ಒಂದೇ ಏರಿಳಿತವನ್ನು ಬಲ್ಲದು; ಋತುವನ್ನು ಸೇರಿಸಿದ ಮೇಲೆ ಪ್ಲೇಗು ಮರುವರ್ಷವೂ ತಲೆಯೆತ್ತುವುದು ಗಣಿತದೊಳಗಿನಿಂದಲೇ ಹೊರಡುತ್ತದೆ.