ಎರಡನೆಯ ಸಾಲಿನ ಆಟಗಾರರು

ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ರಾಜ್ಯದ ನಟ್ಟನಡುವೆ, ನೀಳವಾದ ಗಿರಿಶ್ರೇಣಿಗಳು ಆವರಿಸಿಕೊಂಡಿರುವ ಕಣಿವೆಯೊಂದರಲ್ಲಿ, ಸ್ಟೇಟ್ ಕಾಲೇಜ್ ಎಂಬ ಪಟ್ಟಣವಿದೆ. ಪಟ್ಟಣದ ಜನಸಂಖ್ಯೆ ಸುಮಾರು 40,000. ಅಲ್ಲಿಯ ಪೆನ್ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಬೀವರ್ ಕ್ರೀಡಾಂಗಣದಲ್ಲಿ ಏಕಕಾಲಕ್ಕೆ ಕುಳಿತು ಆಟ ನೋಡಬಲ್ಲವರ ಸಂಖ್ಯೆಯಾದರೋ 1,06,000ಕ್ಕೂ ಮಿಗಿಲು. 2014ರ ಜನವರಿಯಲ್ಲಿ ಈ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡಕ್ಕೆ ಮುಖ್ಯ ತರಬೇತುದಾರರಾಗಿ ಬಂದ ಜೇಮ್ಸ್ ಫ್ರಾಂಕ್ಲಿನ್ ಅವರಿಗೆ ಆ ವಿಶಾಲವಾದ ಕ್ರೀಡಾಂಗಣ, ಅದನ್ನು ತುಂಬಲು ಕಾದಿದ್ದ ಅಭಿಮಾನಿಗಳ ಸಮೂಹ, ಕ್ರಿಶ್ಚಿಯನ್ ಹ್ಯಾಕನ್‌ಬರ್ಗ್ ಎಂಬ ಪ್ರತಿಭಾವಂತ ತರುಣನ ತೋಳಿನ ಬಲ, ಇವೆಲ್ಲ ಪೂರ್ವಾರ್ಜಿತವಾಗಿಯೇ ದೊರೆತವು. ದೊರೆಯದೆ ಹೋದುದು, ಕಣಕ್ಕಿಳಿಯುವ ಹನ್ನೊಂದು ಮಂದಿಯ ಹಿಂದೆ ನಿಂತಿರಬೇಕಾದ ಮತ್ತೊಂದು ಹನ್ನೊಂದು ಮಂದಿ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಊರುಗಳಲ್ಲಿ ಕಾಲಿನಿಂದ ಚೆಂಡನ್ನು ಒದ್ದು ಆಡುವ ಆಟವನ್ನಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿಯೋ, ಮುಂದಿನವನಿಗೆ ಎಸೆದೋ, 100 ಗಜ ಉದ್ದದ ಅಂಗಣದ ತುದಿಗೆ ಅದನ್ನು ಮುಟ್ಟಿಸಲು ಒಂದು ಪಕ್ಷ ಯತ್ನಿಸುತ್ತಿದ್ದರೆ, ಇನ್ನೊಂದು ಪಕ್ಷ ದೇಹವನ್ನೇ ಅಡ್ಡವೊಡ್ಡಿ, ಓಡುವವನನ್ನು ಹಿಡಿದು ನೆಲಕ್ಕೆ ಕೆಡವಿ, ಅದನ್ನು ತಡೆಯುತ್ತದೆ. ಒಂದು ಹೊತ್ತಿಗೆ ಕಣದಲ್ಲಿರುವವರು ಪಕ್ಷವೊಂದಕ್ಕೆ ಹನ್ನೊಂದೇ ಮಂದಿ. ಆದರೆ ಆಟಗಾರರನ್ನು ಎಷ್ಟು ಸಲವಾದರೂ ಬದಲಾಯಿಸಬಹುದೆಂಬ ನಿಯಮವು 1965ರಲ್ಲಿ ಕಾಲೇಜು ಫುಟ್‌ಬಾಲಿನಲ್ಲಿ ನೆಲೆಗೊಂಡ ಮೇಲೆ, ಆಕ್ರಮಣಕ್ಕೆ ಒಂದು ಪಡೆ, ರಕ್ಷಣೆಗೆ ಬೇರೊಂದು ಪಡೆ, ಚೆಂಡನ್ನು ಒದೆಯಬೇಕಾದ ಸಂದರ್ಭಗಳಿಗೆ ಮೂರನೆಯದೊಂದು ಪಡೆ ಎಂದು ತಂಡವು ವಿಂಗಡಗೊಂಡಿತು. ಪ್ರತಿಯೊಂದು ಸ್ಥಾನಕ್ಕೂ ಮೊದಲನೆಯವನು ಯಾರು, ಅವನು ಗಾಯಗೊಂಡರೆ ಅಥವಾ ಬಳಲಿದರೆ ಹೋಗತಕ್ಕವನು ಯಾರು, ಅವನಿಗೂ ಆಗದಿದ್ದರೆ ಮುಂದೇನು ಎಂಬುದನ್ನು ಬರೆದಿಡುವ ಪಟ್ಟಿಗೆ ಅವರು ಡೆಪ್ತ್ ಚಾರ್ಟ್ ಎನ್ನುತ್ತಾರೆ. ಪ್ರೇಕ್ಷಕರು ಆ ಪಟ್ಟಿಯ ಮೊದಲ ಸಾಲಿನ ಹೆಸರುಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಹೊಸದಾಗಿ ಬಂದ ತರಬೇತುದಾರನು ರಾತ್ರಿ ನಿದ್ದೆಗೆಟ್ಟು ನೋಡುವುದು ಅದರ ಎರಡನೆಯ ಮತ್ತು ಮೂರನೆಯ ಸಾಲುಗಳನ್ನು.

ಆ ಸಾಲುಗಳು ಆತುರದಿಂದ ತುಂಬತಕ್ಕವಲ್ಲ. ಹದಿನೆಂಟು ವರ್ಷದ ಹುಡುಗನು ಹೈಸ್ಕೂಲು ಮುಗಿಸಿ ಬಂದು, ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಋತುಗಳನ್ನು ಆಡಲು ಅರ್ಹನಾಗುತ್ತಾನೆ. ಮೊದಲ ವರ್ಷ ಆಡದೆ ಅಭ್ಯಾಸದಲ್ಲಿಯೇ ಕಳೆದು ಮೈಯನ್ನೂ ಬುದ್ಧಿಯನ್ನೂ ಬಲಪಡಿಸಿಕೊಳ್ಳುವವನನ್ನು ರೆಡ್‌ಶರ್ಟ್ ಎನ್ನುವರು. ಅದರಲ್ಲಿಯೂ ಚೆಂಡನ್ನು ಎಸೆಯುವ ಕ್ವಾರ್ಟರ್‌ಬ್ಯಾಕನ ಮುಂದೆ ಗೋಡೆಯಂತೆ ನಿಲ್ಲುವ ಐವರ ಪಂಕ್ತಿಗೆ, ಎಂದರೆ ಒಬ್ಬ ಸೆಂಟರ್, ಇಬ್ಬರು ಗಾರ್ಡ್, ಇಬ್ಬರು ಟ್ಯಾಕಲ್ ಇರುವ ಆಫೆನ್ಸಿವ್ ಲೈನಿಗೆ, 135 ಕಿಲೋಗ್ರಾಮಿನ ಆಸುಪಾಸಿನ ತೂಕವನ್ನು ಹೊತ್ತೂ ಚುರುಕಾಗಿ ಹೆಜ್ಜೆಯಿಡಬಲ್ಲ ದೇಹಗಳು ಬೇಕು. ಅಂತಹ ದೇಹವೂ, ಐವರು ಒಬ್ಬನಂತೆ ಚಲಿಸುವ ಹೊಂದಾಣಿಕೆಯೂ ಎರಡು ಮೂರು ವರ್ಷಗಳ ದುಡಿಮೆಯಿಲ್ಲದೆ ಸಿದ್ಧಿಸುವುದಿಲ್ಲ. ಅಡಕೆಯ ತೋಟದಲ್ಲಿ ಒಂದು ವರ್ಷ ಸತ್ತ ಮರಗಳ ಜಾಗಕ್ಕೆ ಸಸಿ ಹಾಕದೆ ಬಿಟ್ಟರೆ ಅದರ ನಷ್ಟವು ಆ ವರ್ಷದ ಕೊಯ್ಲಿನಲ್ಲಿ ಕಾಣದು, ಐದಾರು ವರ್ಷಗಳ ಅನಂತರ ಕಾಣುತ್ತದೆ. ಕಾಲೇಜು ತಂಡದಲ್ಲಿಯೂ ಒಂದು ವರ್ಷದ ಹುಡುಗರು ಬಾರದೆ ಹೋದರೆ, ಆ ಖಾಲಿ ಜಾಗವು ಎರಡು ಮೂರು ವರ್ಷಗಳಾದ ಮೇಲೆ, ಬಹುಶಃ ಆ ತಪ್ಪಿಗೆ ಕಿಂಚಿತ್ತೂ ಕಾರಣನಲ್ಲದ ಮತ್ತೊಬ್ಬ ತರಬೇತುದಾರನ ಕಾಲದಲ್ಲಿ, ಬಾಯಿ ತೆರೆದು ನಿಲ್ಲುತ್ತದೆ.

ಪೆನ್ ಸ್ಟೇಟಿನಲ್ಲಿ ಆ ಜಾಗ ಖಾಲಿಯಾದ ಕಾರಣ ದಾರುಣವಾದುದು. 1966ರಿಂದ 46 ಋತುಗಳ ಕಾಲ ಅಲ್ಲಿ ಮುಖ್ಯ ತರಬೇತುದಾರರಾಗಿದ್ದ ಜೋ ಪಟರ್ನೊ ಅವರ ಬಳಿ ಸಹಾಯಕನಾಗಿದ್ದ ಜೆರ್ರಿ ಸ್ಯಾಂಡಸ್ಕಿ ಎಂಬಾತನು ಬಾಲಕರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯವೆಸಗಿದ್ದನೆಂಬ ಆರೋಪ 2011ರ ನವೆಂಬರಿನಲ್ಲಿ ಹೊರಬಿದ್ದಿತು, ಪಟರ್ನೊ ಪದಚ್ಯುತರಾದರು, 2012ರ ಜೂನಿನಲ್ಲಿ ಸ್ಯಾಂಡಸ್ಕಿಯ ಮೇಲಿನ 45 ಆರೋಪಗಳು ರುಜುವಾತಾದವು. ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆಯಾದ ಎನ್‌ಸಿಎಎ ಅದೇ ವರ್ಷದ ಜುಲೈ 23ರಂದು ದಂಡನೆಯನ್ನು ವಿಧಿಸಿತು: ಆರು ಕೋಟಿ ಡಾಲರ್ ದಂಡ, ಋತುವಿನ ಕೊನೆಯ ಬೌಲ್ ಪಂದ್ಯಗಳಿಂದ ನಾಲ್ಕು ವರ್ಷ ಬಹಿಷ್ಕಾರ, ಮತ್ತು ಆಟಗಾರರ ವಿದ್ಯಾರ್ಥಿವೇತನಗಳಲ್ಲಿ ಕಡಿತ. ಆಗಿನ ನಿಯಮದಂತೆ ದೊಡ್ಡ ತಂಡಗಳು ಒಟ್ಟು 85 ಮಂದಿಗೆ ವಿದ್ಯಾರ್ಥಿವೇತನ ಕೊಡಬಹುದಾಗಿತ್ತು, ವರ್ಷಕ್ಕೆ ಹೊಸದಾಗಿ 25 ಮಂದಿಯನ್ನು ಸೇರಿಸಿಕೊಳ್ಳಬಹುದಾಗಿತ್ತು. ಪೆನ್ ಸ್ಟೇಟಿಗೆ ಒಟ್ಟು ಸಂಖ್ಯೆಯನ್ನು 65ಕ್ಕೂ, ವಾರ್ಷಿಕ ಸಂಖ್ಯೆಯನ್ನು 15ಕ್ಕೂ ಇಳಿಸಲಾಯಿತು. ಇದಲ್ಲದೆ, ಇದ್ದ ಆಟಗಾರರಲ್ಲಿ ಯಾರು ಬೇಕಾದರೂ ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಒಂದು ವರ್ಷ ಕಾಯಬೇಕೆಂಬ ಅಂದಿನ ಕಟ್ಟಳೆಗೆ ಒಳಗಾಗದೆ ಕೂಡಲೇ ಆಡಬಹುದೆಂದು ಬಾಗಿಲು ತೆರೆಯಿತು.

ದೌರ್ಜನ್ಯಕ್ಕೆ ಗುರಿಯಾದ ಬಾಲಕರ ಸಂಕಟದ ಮುಂದೆ ಫುಟ್‌ಬಾಲ್ ತಂಡವೊಂದರ ಸಂಕಷ್ಟವನ್ನು ತೂಗಿ ನೋಡುವುದು ತರವಲ್ಲ. ಸಂಸ್ಥೆಗೆ ದಂಡನೆ ಸಲ್ಲಲೇಬೇಕಾಗಿತ್ತು. ಆದರೆ ಆ ಅಪರಾಧಗಳು ನಡೆಯುತ್ತಿದ್ದಾಗ ತಾವೇ ಮಕ್ಕಳಾಗಿದ್ದ ಹುಡುಗರು, ಕಡಿಮೆ ಜನರಿರುವ ಪಂಕ್ತಿಯಲ್ಲಿ ನಿಂತು ಹೆಚ್ಚು ಪೆಟ್ಟು ತಿನ್ನುವ ಬಗೆಯ ದಂಡನೆ ನ್ಯಾಯಸಮ್ಮತವಾದುದೇ ಎಂಬ ಪ್ರಶ್ನೆಯನ್ನು ನಾನು ಕೇಳದಿರಲಾರೆ. ಹಣದ ದಂಡವನ್ನು ಸಂಸ್ಥೆ ತನ್ನ ಬೊಕ್ಕಸದಿಂದ ತೆತ್ತಿತು; ವಿದ್ಯಾರ್ಥಿವೇತನಗಳ ಕಡಿತವನ್ನು ಹುಡುಗರು ಮೈಯಿಂದ ತೆತ್ತರು.

ಅದನ್ನು ಮೊದಲು ಎದುರಿಸಬೇಕಾಗಿ ಬಂದವರು, 2012ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದಿಂದ ಬಂದ ಬಿಲ್ ಓಬ್ರಯನ್. ಋತು ಆರಂಭವಾಗಲು ಆರು ವಾರಗಳೂ ಇಲ್ಲದಿದ್ದಾಗ ಅವರ ತಂಡ ಕರಗತೊಡಗಿತು. ಹಿಂದಿನ ವರ್ಷ 1,241 ಗಜ ಓಡಿದ್ದ ಸೈಲಸ್ ರೆಡ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ಹೋದನು; ಚೆಂಡನ್ನು ಹಿಡಿಯುವುದರಲ್ಲಿ ನಿಪುಣನಾದ ಜಸ್ಟಿನ್ ಬ್ರೌನ್ ಓಕ್ಲಹೋಮಾಕ್ಕೆ ಹೋದನು; ಒದೆಯುವುದರಲ್ಲಿ ನೆಚ್ಚಿನವನಾಗಿದ್ದ ಆಂಟನಿ ಫೆರಾ ಟೆಕ್ಸಸ್ಸಿಗೆ ಹೋದನು. ಉಳಿದವರು ಚದುರದಂತೆ ತಡೆದವರಲ್ಲಿ ಮುಖ್ಯರು ಮೈಕಲ್ ಮೌಟಿ ಮತ್ತು ಮೈಕಲ್ ಜೋರ್ಡಿಕ್ ಎಂಬ ಹಿರಿಯ ವಿದ್ಯಾರ್ಥಿಗಳು. ದಂಡನೆ ಪ್ರಕಟವಾದ ಎರಡು ದಿನಗಳೊಳಗೆ ತಮ್ಮ ಜೊತೆಯವರನ್ನು ಬೆನ್ನಿಗಿಟ್ಟುಕೊಂಡು ಬಂದು, ತಾವು ಇಲ್ಲಿಯೇ ಇರುವೆವೆಂದು ಅವರು ಬಹಿರಂಗವಾಗಿ ಸಾರಿದರು.

ಫೆರಾ ಹೋದುದರ ಪರಿಣಾಮ ಎರಡನೆಯ ಪಂದ್ಯದಲ್ಲಿಯೇ ಕಾಣಿಸಿತು. ಅವನ ಸ್ಥಾನಕ್ಕೆ ಬಂದವನು ಅನುಭವ ಸಾಲದ ಸ್ಯಾಮ್ ಫಿಕನ್. ವರ್ಜೀನಿಯಾದ ಎದುರು ಅಂಕಕ್ಕಾಗಿ ಅವನು ಒದ್ದ ನಾಲ್ಕು ಫೀಲ್ಡ್ ಗೋಲುಗಳು ಗುರಿ ಮುಟ್ಟಲಿಲ್ಲ. ಪೆನ್ ಸ್ಟೇಟ್ 17-16ರಿಂದ, ಎಂದರೆ ಒಂದೇ ಒಂದು ಅಂಕದಿಂದ, ಸೋತಿತು. ಹೆಚ್ಚು ಜನರಿರುವ ತಂಡವಾಗಿದ್ದರೆ ಆ ಹುಡುಗನನ್ನು ಕೂರಿಸಿ ಬೇರೊಬ್ಬನನ್ನು ಕಳುಹಿಸುತ್ತಿದ್ದರು, ಮತ್ತು ಫಿಕನ್ ಎಂಬ ಹೆಸರು ಆ ಸೋಲಿನೊಂದಿಗೇ ಮರೆತುಹೋಗುತ್ತಿತ್ತು. ಇಲ್ಲಿ ಬೇರೆ ಗತಿಯಿರಲಿಲ್ಲವಾದುದರಿಂದ ಅವನೇ ಮುಂದುವರಿದನು. ಋತುವಿನ ಕಡೆಯ ಪಂದ್ಯದಲ್ಲಿ ವಿಸ್ಕಾನ್ಸಿನ್ನಿನ ಎದುರು ಹೆಚ್ಚುವರಿ ಸಮಯದಲ್ಲಿ 37 ಗಜ ದೂರದಿಂದ ಅವನು ಒದ್ದ ಚೆಂಡೇ 24-21ರ ಜಯವನ್ನು ತಂದಿತು. ಹಿಂದಿನ ವಾರವಷ್ಟೆ ಮೊಣಕಾಲಿಗೆ ತೀವ್ರ ಪೆಟ್ಟಾಗಿ ಆಡಲಾರದೆ ನಿಂತಿದ್ದ ಮೌಟಿಯ ಅಂಗಿಯ ಸಂಖ್ಯೆ 42ನ್ನು ಆ ದಿನ ಎಲ್ಲರೂ ಶಿರಸ್ತ್ರಾಣದ ಮೇಲೆ ಧರಿಸಿದ್ದರು. ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಮೆಗ್ಲೋಯಿನ್ ವಿದ್ಯಾರ್ಥಿವೇತನವಿಲ್ಲದೆ, ತನ್ನ ಖರ್ಚಿನಲ್ಲಿ ಸೇರಿ, ಕ್ರಮೇಣ ಮೇಲೆ ಬಂದವನು; ಇಂತಹವರನ್ನು ಅಲ್ಲಿ ವಾಕ್-ಆನ್ ಎಂದು ಕರೆಯುತ್ತಾರೆ. ಮೊದಲ ಎರಡು ಪಂದ್ಯಗಳನ್ನು ಸೋತ ಆ ತಂಡ ಉಳಿದ ಹತ್ತರಲ್ಲಿ ಎಂಟನ್ನು ಗೆದ್ದಿತು.

ಆದರೆ ಆ ಗೆಲುವುಗಳನ್ನು ತಂದವರು ದಂಡನೆಗೆ ಮೊದಲೇ ಸೇರಿ ಬೆಳೆದಿದ್ದ ಹಿರಿಯರೆಂಬುದನ್ನು ಮರೆಯಲಾಗದು. ಅವರು ಒಬ್ಬೊಬ್ಬರಾಗಿ ಪದವಿ ಪಡೆದು ಹೋದರು. 2013ರ ಕೊನೆಯಲ್ಲಿ ಓಬ್ರಯನ್ ವೃತ್ತಿಪರ ತಂಡವಾದ ಹ್ಯೂಸ್ಟನ್ ಟೆಕ್ಸನ್ಸ್‌ಗೆ ತೆರಳಿದರು. ಅದೇ ವೇಳೆಗೆ ಆಟ ಮುಗಿಸಿದವರಲ್ಲಿ ಗಾರ್ಡ್ ಜಾನ್ ಅರ್ಷಲ್ ಒಬ್ಬನು. ಗಣಿತದಲ್ಲಿ ಅಸಾಧಾರಣ ಮೇಧಾವಿಯಾಗಿದ್ದ ಈತ ಕೆಲವು ವರ್ಷ ವೃತ್ತಿಪರನಾಗಿ ಆಡಿ, ಬಳಿಕ ಎಂಐಟಿಯಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯೇ ಗಣಿತದ ಅಧ್ಯಾಪಕನಾದನೆಂಬುದನ್ನು ಪ್ರಸಂಗವಶಾತ್ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಮತ್ತೊಬ್ಬ ಗಾರ್ಡ್ ಮೈಲ್ಸ್ ಡೀಫನ್‌ಬಾಕ್ ವಸಂತಕಾಲದ ಅಭ್ಯಾಸದ ಹೊತ್ತಿಗೆ ಮೊಣಕಾಲಿನ ಗಾಯದಿಂದ ಹೊರಗುಳಿದನು. ಹೀಗಾಗಿ ಫ್ರಾಂಕ್ಲಿನ್ ತಮ್ಮ ಮೊದಲ ಋತುವಿಗೆ ಪಟ್ಟಿ ಬರೆಯಲು ಕುಳಿತಾಗ, ಹಿಂದಿನ ವರ್ಷ ಮುಂಚೂಣಿಯಲ್ಲಿ ಆಡಿದ್ದವರ ಪೈಕಿ ಎಡ ಟ್ಯಾಕಲ್ ಡೊನೊವನ್ ಸ್ಮಿತ್ ಒಬ್ಬನೇ ಕೈಗೆ ಸಿಕ್ಕಿದನು. ಅವರು ರಕ್ಷಣಾ ಪಂಕ್ತಿಯ ಬ್ರಯನ್ ಗಾಯಾ ಮತ್ತು ಡೆರೆಕ್ ಡೌರಿ ಎಂಬ ಇಬ್ಬರನ್ನು ಈ ಕಡೆಗೆ ತಂದು ಗಾರ್ಡ್‌ಗಳನ್ನಾಗಿ ನಿಲ್ಲಿಸಿದರು. ಎದುರಾಳಿಯನ್ನು ಭೇದಿಸಿ ನುಗ್ಗುವುದನ್ನೇ ಕಲಿತಿದ್ದ ಹುಡುಗರು, ನುಗ್ಗುವವನನ್ನು ಹಿಮ್ಮೆಟ್ಟದೆ ತಡೆಯುವ ತದ್ವಿರುದ್ಧ ವಿದ್ಯೆಯನ್ನು ಕೆಲವೇ ತಿಂಗಳುಗಳಲ್ಲಿ ಕಲಿಯಬೇಕಾಯಿತು.

ವಿದ್ಯಾರ್ಥಿವೇತನಗಳ ಮಿತಿಯನ್ನು ಎನ್‌ಸಿಎಎ ಅಷ್ಟರಲ್ಲಾಗಲೇ ಸಡಿಲಿಸತೊಡಗಿತ್ತು. ವಿಶ್ವವಿದ್ಯಾನಿಲಯದ ಸುಧಾರಣೆಗಳ ಮೇಲ್ವಿಚಾರಕರಾಗಿದ್ದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಅವರ ವರದಿಗಳನ್ನು ಅನುಸರಿಸಿ 2013ರ ಸೆಪ್ಟೆಂಬರಿನಲ್ಲಿ ಕೆಲವನ್ನು ಮರಳಿಸಿ, 2014ರ ಸೆಪ್ಟೆಂಬರ್ 8ರಂದು ಬಹಿಷ್ಕಾರವನ್ನೂ ತೆಗೆಯಿತು. ಕಾಗದದ ಮೇಲಿನ ಸಂಖ್ಯೆ ಏರಿತೇ ಹೊರತು, 2012ರಲ್ಲಿ ಬಾರದೆ ಹೋದ ಹುಡುಗನು 2014ರಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿಯಾಗಿ ಬಂದು ನಿಲ್ಲುವಂತಿರಲಿಲ್ಲ. ಆ ಋತುವಿನಲ್ಲಿ ಹ್ಯಾಕನ್‌ಬರ್ಗ್ ಚೆಂಡನ್ನು ಎಸೆಯುವ ಮೊದಲೇ ಎದುರಾಳಿಗಳ ಕೈಗೆ ಸಿಕ್ಕಿ 44 ಸಲ ನೆಲಕ್ಕುರುಳಿದನು. ಮೊದಲ ವರ್ಷ, ಚೆಂಡನ್ನು ಅಂಗಣದ ತುದಿಗೆ ಮುಟ್ಟಿಸುವ 20 ಟಚ್‌ಡೌನ್ ಎಸೆತಗಳನ್ನು ಮಾಡಿದ್ದವನು ಎರಡನೆಯ ವರ್ಷ 12ಕ್ಕೆ ಇಳಿದನು. ವೈರಿಯ ಕೈಸೇರಿದ ಎಸೆತಗಳು 15ಕ್ಕೆ ಏರಿದವು. ಅಭಿಮಾನಿಗಳು ಅವನ ತೋಳನ್ನು ಹಳಿದರು, ತರಬೇತುದಾರರ ಯೋಜನೆಯನ್ನು ಹಳಿದರು. ನನ್ನ ದೃಷ್ಟಿಯಲ್ಲಿ ಅವರು ನೋಡಬೇಕಾಗಿದ್ದುದು ಅವನ ಮುಂದೆ ನಿಂತ ಐವರನ್ನು, ಆ ಐವರ ಹಿಂದೆ ಯಾರೂ ಇಲ್ಲದ ಬೆಂಚನ್ನು.

ಜನರು ಕಡಿಮೆಯಿರುವ ತಂಡದ ಕಷ್ಟವು ಪಂದ್ಯದ ದಿನಕ್ಕೇ ಸೀಮಿತವಾದುದಲ್ಲ. ವಾರವಿಡೀ ನಡೆಯುವ ಅಭ್ಯಾಸದಲ್ಲಿ ಮೊದಲ ಪಂಕ್ತಿಯ ಎದುರು ನಿಂತು, ಮುಂದಿನ ಎದುರಾಳಿಯ ಆಟವನ್ನು ಅನುಕರಿಸಿ ತೋರಿಸತಕ್ಕವರು ಮೀಸಲು ಆಟಗಾರರೇ. ಅವರು ಸಾಲದೆ ಹೋದರೆ ತರಬೇತುದಾರನಿಗೆ ಎರಡು ದಾರಿ: ನಿಜವಾದ ರಭಸದಿಂದ ಅಭ್ಯಾಸ ಮಾಡಿಸಿ ಇರುವ ಕೆಲವರನ್ನೂ ಗಾಯಕ್ಕೆ ಒಡ್ಡುವುದು, ಇಲ್ಲವೆ ನೆಲಕ್ಕೆ ಕೆಡವುವುದನ್ನು ನಿಲ್ಲಿಸಿ ಮೆತ್ತಗೆ ಅಭ್ಯಾಸ ಮಾಡಿಸಿ ಪಂದ್ಯದ ದಿನ ಅದರ ಕೊರತೆಯನ್ನು ಅನುಭವಿಸುವುದು. ಬಳಲಿದವನಿಗೆ ವಿಶ್ರಾಂತಿಯಿಲ್ಲ, ಆಟದ ನಾಲ್ಕನೆಯ, ಎಂದರೆ ಕಡೆಯ, ಪಾದದ ಹೊತ್ತಿಗೆ ಅವನ ಕಾಲು ಎಳೆಯುತ್ತಿರುತ್ತದೆ, ಮತ್ತು ಕಾಲೆಳೆಯುವ ಹೊತ್ತಿನಲ್ಲಿಯೇ ಮೊಣಕಾಲು ತಿರುಚುವುದು. ನೋವನ್ನು ಬಚ್ಚಿಟ್ಟುಕೊಂಡು ಆಡುವ ಪ್ರಲೋಭನೆ ಹುಡುಗನಿಗೂ, ಅದನ್ನು ಕಂಡೂ ಕಾಣದಂತಿರುವ ಪ್ರಲೋಭನೆ ಹಿರಿಯರಿಗೂ ಉಂಟಾಗುವುದು ಆಗಲೇ. ಆದುದರಿಂದ ಮೀಸಲು ಪಂಕ್ತಿಯ ಪ್ರಶ್ನೆಯನ್ನು ಗೆಲುವು ಸೋಲುಗಳ ಪ್ರಶ್ನೆಯೆಂದು ಮಾತ್ರ ಎಣಿಸುವವರೊಡನೆ ನನಗೆ ಸಮ್ಮತಿಯಿಲ್ಲ. ಅದು ಹತ್ತೊಂಬತ್ತು ಇಪ್ಪತ್ತು ವರ್ಷದ ಮಕ್ಕಳ ದೇಹರಕ್ಷಣೆಯ ಪ್ರಶ್ನೆ.

ಫ್ರಾಂಕ್ಲಿನ್ ಆ ಋತುವನ್ನು ಏಳು ಜಯ, ಆರು ಸೋಲುಗಳಲ್ಲಿ ಮುಗಿಸಿದರು. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ನಡೆದ ಮೊದಲ ಪಂದ್ಯವನ್ನು ಕೊನೆಯ ಕ್ಷಣದ ಒದೆತದಿಂದ ಗೆಲ್ಲಿಸಿದವನೂ, ನ್ಯೂಯಾರ್ಕಿನಲ್ಲಿ ಬಾಸ್ಟನ್ ಕಾಲೇಜಿನ ಎದುರು 31-30ರ ಕಡೆಯ ಅಂಕವನ್ನು ತಂದವನೂ ಆ ಫಿಕನ್ನೇ. ವರ್ಷಗಳು ಉರುಳಿದಂತೆ ಪಂಕ್ತಿಗಳು ತುಂಬಿಕೊಂಡವು. 2016ರ ಸೆಪ್ಟೆಂಬರಿನಲ್ಲಿ ಮಿಷಿಗನ್ನಿನ ಕೈಯಲ್ಲಿ 49-10ರಿಂದ ತಂಡ ಧೂಳೀಪಟವಾದಾಗ, ರಕ್ಷಣಾ ಪಡೆಯ ಮೊದಲ ಸಾಲಿನ ಮೂವರು ಲೈನ್‌ಬ್ಯಾಕರುಗಳೂ ಗಾಯಾಳುಗಳಾಗಿದ್ದರು. ಮುಂದಿನ ವಾರಗಳಲ್ಲಿ ಆ ಭಾರವನ್ನು ಹೊತ್ತವರಲ್ಲಿ ಬ್ರಾಂಡನ್ ಸ್ಮಿತ್ ಎಂಬ, ವಾಕ್-ಆನ್ ಆಗಿ ಸೇರಿದ್ದ ತರುಣನಿದ್ದನು. ಗಾಯಗೊಂಡವರಲ್ಲಿ ಇಬ್ಬರು ಮರಳಿ ಬರುವವರೆಗೆ ತಂಡ ಕುಸಿಯದೆ ನಿಂತಿತು. ಅಕ್ಟೋಬರ್ 22ರಂದು ದೇಶದ ಎರಡನೆಯ ಶ್ರೇಯಾಂಕದ ಒಹಾಯೊ ಸ್ಟೇಟನ್ನು 24-21ರಿಂದ ಸೋಲಿಸಿತು. ಡಿಸೆಂಬರಿನಲ್ಲಿ ತಾನು ಸೇರಿದ್ದ ಬಿಗ್ ಟೆನ್ ಒಕ್ಕೂಟದ ಪ್ರಶಸ್ತಿಯನ್ನು ಗೆದ್ದಿತು. ದಂಡನೆಯಾದ ದಿನದಿಂದ ಆ ದಿನದವರೆಗೆ ಹಿಡಿದ ಕಾಲ ನಾಲ್ಕು ವರ್ಷಕ್ಕೂ ಹೆಚ್ಚು, ಎಂದರೆ ವಿದ್ಯಾರ್ಥಿಗಳ ಒಂದು ಇಡೀ ತಲೆಮಾರು.

ಈಗ ಕೆಲಸಕ್ಕೆ ಬರುವ ತರಬೇತುದಾರನ ಲೆಕ್ಕ ಬೇರೆಯದು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ನೋಂದಣಿ ವ್ಯವಸ್ಥೆ ಆರಂಭವಾಗಿ, 2021ರಿಂದ ವರ್ಗಾವಣೆಗೊಂಡವನು ಒಂದು ವರ್ಷ ಕಾಯದೆ ಆಡಬಹುದೆಂದಾದ ಮೇಲೆ, ಖಾಲಿ ಸ್ಥಾನಗಳನ್ನು ಬೇರೆಡೆಯ ಅನುಭವಿಗಳಿಂದ ಬೇಗನೆ ತುಂಬಬಹುದು; ಆದರೆ ಅದೇ ಬಾಗಿಲಿನಿಂದ ಅವನ ಎರಡನೆಯ ಸಾಲಿನವನೂ, ಬೇರೆಡೆ ಮೊದಲಿಗನಾಗುವ ಆಸೆಯಿಂದ, ಹೊರಟುಹೋಗಬಹುದು. ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅನುಮೋದಿಸಿದ ರಾಜಿ ಒಪ್ಪಂದದಂತೆ ವಿದ್ಯಾರ್ಥಿವೇತನಗಳ ಮಿತಿ ಹೋಗಿ, ಒಟ್ಟು ಆಟಗಾರರು 105ನ್ನು ಮೀರಬಾರದೆಂಬ ಮಿತಿ ಬಂದಿದೆ. ವಾಕ್-ಆನ್‌ಗಳನ್ನು ಧಾರಾಳವಾಗಿ ಇರಿಸಿಕೊಂಡಿದ್ದ ತಂಡಗಳು ಅಂತಹವರನ್ನೇ ಮೊದಲು ಕೈಬಿಡತೊಡಗಿದಾಗ, ಅವರಿಗೆ ರಕ್ಷಣೆ ಒದಗಿಸದ ಹೊರತು ಒಪ್ಪಂದಕ್ಕೆ ಸಮ್ಮತಿಯಿಲ್ಲವೆಂದು ಆ ನ್ಯಾಯಾಧೀಶೆ ಅನುಮೋದನೆಗೆ ಮೊದಲೇ ಪಟ್ಟು ಹಿಡಿದಿದ್ದರು. ಹಾಗೆ ಸ್ಥಾನ ಕಳೆದುಕೊಂಡವರನ್ನು ತಂಡಗಳು ಮರಳಿ ಸೇರಿಸಿಕೊಂಡರೆ 105ರ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲವೆಂದು ತೀರ್ಮಾನವಾಯಿತು. ಅದು ಒಳ್ಳೆಯ ಕೆಲಸ. ಆದರೆ ಆ ವಿನಾಯಿತಿ ಮಿತಿ ಜಾರಿಗೆ ಬಂದ ಹೊತ್ತಿನವರಿಗೆ ಮಾತ್ರ ಸಲ್ಲತಕ್ಕದ್ದು; ಅವರು ಪದವಿ ಪಡೆದು ಹೋದ ಮೇಲೆ, ಮೆಗ್ಲೋಯಿನ್‌ನಂತೆ, ಬ್ರಾಂಡನ್ ಸ್ಮಿತ್‌ನಂತೆ, ಕರೆಯದೆ ತಾನಾಗಿಯೇ ಬಂದು ಬಾಗಿಲು ತಟ್ಟುವ ಹುಡುಗನಿಗೆ 105ರೊಳಗೆ ಜಾಗ ಮಾಡಿಕೊಡುವುದೋ ಬಿಡುವುದೋ ಪ್ರತಿಯೊಬ್ಬ ತರಬೇತುದಾರನ ವಿವೇಚನೆಗೆ ಬಿಟ್ಟ ಮಾತಾಗುತ್ತದೆ.