ವಾಲಿದ ಗಿಡಕ್ಕೆ ಊರುಗೋಲು

ಆಡಿಗಾಳಿಗೆ ಅಮ್ಮಿಕಲ್ಲೂ ಹಾರೀತು ಎಂಬ ಗಾದೆ ತಮಿಳರಲ್ಲಿದೆ. ನಮ್ಮ ಆಟಿ ತಿಂಗಳೇ ಅವರ ಆಡಿ. ಕೊಯಮುತ್ತೂರು ಹಾಗೂ 2009ರಲ್ಲಿ ರೂಪುಗೊಂಡ ತಿರುಪ್ಪೂರು ಜಿಲ್ಲೆಗಳವರಿಗೆ ಈ ಮಾತು ಬರೀ ಅಲಂಕಾರವಲ್ಲ. ನೀಲಗಿರಿಗೂ ಆನೆಮಲೆಗೂ ನಡುವೆ ಪಶ್ಚಿಮಘಟ್ಟ ಬಾಯ್ದೆರೆದಿರುವ ಪಾಲಕ್ಕಾಡಿನ ಕಣಿವೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರುಗಾಳಿ ನುಗ್ಗುತ್ತದೆ. ಪಲ್ಲಡಂ, ಉಡುಮಲೈ, ತಾರಾಪುರಗಳ ಬಯಲಿನಲ್ಲಿ ಗಾಳಿಯಂತ್ರಗಳು ತಿರುಗುವುದು ಇದೇ ಗಾಳಿಯಿಂದ. ಅಂಥಲ್ಲಿ ಮನೆಯಂಗಳದಲ್ಲೋ ಶಾಲೆಯ ಬದಿಯಲ್ಲೋ ನೆಟ್ಟ ಕಕ್ಕೆ, ಹೊಂಗೆ, ಗುಲ್‌ಮೊಹರ್ ಸಸಿಗಳು ಪೂರ್ವಕ್ಕೆ ವಾಲಿದರೆ ಆಶ್ಚರ್ಯವೇನು?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ಸೆಟೆಸುವುದಕ್ಕೂ ಈ ಮಾತು ಸಲ್ಲುತ್ತದೆ. ಇಂದು ಕಣ್ಣಿಗೆ ಅಂದಗೆಟ್ಟಂತೆ ಕಾಣುವ ಓರೆ, ಮರ ಬೆಳೆದ ಮೇಲೆ ಸೂರಿಗೂ ವಿದ್ಯುತ್ತಂತಿಗೂ ಆಟವಾಡುವ ಮಕ್ಕಳಿಗೂ ಅಪಾಯವಾದೀತು.

ಮೊದಲು ಕಾರಣ ತಿಳಿಯಬೇಕು. ಕಾಂಡವನ್ನು ಹಿಡಿದು ಮೆಲ್ಲಗೆ ಅಲುಗಿಸಿರಿ. ಬುಡದ ಮಣ್ಣೂ ಅಲುಗಿದರೆ ದೋಷ ಬೇರಿನದು. ಪ್ಲಾಸ್ಟಿಕ್ ಚೀಲದೊಳಗೆ ಸುರುಳಿ ಸುತ್ತಿದ ಬೇರು ಹಾಗೆಯೇ ಮಣ್ಣು ಸೇರಿದ್ದರೆ ಎಷ್ಟು ಗೂಟ ಕೊಟ್ಟರೂ ಫಲವಿಲ್ಲ; ಬೇರೆ ಸಸಿ ನೆಡುವುದೇ ಲೇಸು. ಬುಡ ಗಟ್ಟಿಯಿದ್ದು ಕಾಂಡ ಮಾತ್ರ ಬಾಗಿದ್ದರೆ ಗಾಳಿಯೋ ಗೋಡೆಯ ನೆರಳೋ ಕಾರಣ.

ಗೂಟ ಒಂದಲ್ಲ, ಎರಡಿರಲಿ. ಗಾಳಿ ಪಶ್ಚಿಮದ್ದಾದುದರಿಂದ ಗಿಡದ ಉತ್ತರಕ್ಕೊಂದು, ದಕ್ಷಿಣಕ್ಕೊಂದು, ಬೇರಿಗೆ ತಾಗದಂತೆ ಒಂದೂವರೆ ಅಡಿ ದೂರದಲ್ಲಿ ಊರಬೇಕು. ಕಾಂಡವನ್ನು ಎಷ್ಟು ಎತ್ತರದಲ್ಲಿ ಹಿಡಿದರೆ ತುದಿ ನೆಟ್ಟಗೆ ನಿಲ್ಲುವುದೋ ಅಲ್ಲಿಯೇ ಕಟ್ಟು ಬೀಳಬೇಕು. ತಂತಿ, ಪ್ಲಾಸ್ಟಿಕ್ ಹಗ್ಗಗಳು ತೊಗಟೆಯನ್ನು ಕೊಯ್ಯುತ್ತವೆ. ಬನಿಯನ್ನಿನ ಊರಾದ ತಿರುಪ್ಪೂರಿನಲ್ಲಿ ಹಿಗ್ಗುವ ಬಟ್ಟೆಯ ತುಂಡಿಗೆ ಬರವೇ? ಅದಕ್ಕಿಂತ ಒಳ್ಳೆಯ ಕಟ್ಟು ಇನ್ನೊಂದಿಲ್ಲ. ನೀರೆರೆದು ಮಣ್ಣು ಮೆದುವಾದಾಗ, ಒಂದೇ ದಿನಕ್ಕೆ ಎಳೆಯದೆ, ವಾರ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ನೆಟ್ಟಗೆ ಮಾಡಬೇಕು.

ಗಿಡವೂ ಸುಮ್ಮನಿರುವುದಿಲ್ಲ. ಅಗಲ ಎಲೆಯ ಮರಗಳು ಬಾಗಿದ ಕಾಂಡದ ಮೇಲ್ಬದಿಯಲ್ಲಿ ವಿಶೇಷವಾದೊಂದು ಮರವನ್ನು ಬೆಳೆಸಿ ಹಗ್ಗದಂತೆ ತಮ್ಮನ್ನು ತಾವೇ ಮೇಲಕ್ಕೆಳೆದುಕೊಳ್ಳುತ್ತವೆ. ಪೈನ್ ಜಾತಿಯವು ಕೆಳಬದಿಯಿಂದ ನೂಕುತ್ತವೆ. ನಮ್ಮದು ಸಹಾಯ ಮಾತ್ರ. ಆದುದರಿಂದಲೇ ಕಟ್ಟು ಬಿಗಿಯಾಗಿರಕೂಡದು. ಗಾಳಿಗೆ ತುಸು ತೂಗಾಡಿದ ಕಾಂಡವೇ ದಪ್ಪವಾಗಿ ಬಲಿಯುತ್ತದೆ. ಅಲುಗದಂತೆ ಬಿಗಿದದ್ದು ಗೂಟ ತೆಗೆದೊಡನೆ ಮತ್ತೆ ಬೀಳುತ್ತದೆ.

ಬುಡದಲ್ಲೇ ಸೊಟ್ಟಗಾಗಿ ಮಣಿಕಟ್ಟಿನಷ್ಟು ದಪ್ಪವಾದ ಗಿಡ ಕಟ್ಟಿಗೆ ಬಗ್ಗದು. ಕಕ್ಕೆ, ಹೊಂಗೆ, ಬೇವುಗಳಂತೆ ಕಡಿದಲ್ಲಿ ಚಿಗುರುವ ಜಾತಿಯಾದರೆ ಮಳೆಗೆ ಮುಂಚೆ ನೆಲದಿಂದ ಗೇಣೆತ್ತರಕ್ಕೆ ಕಡಿಯಬಹುದು. ಎರಡು ವರ್ಷ ನೀರೆರೆದು ಸಾಕಿದ್ದಕ್ಕೆ ಕತ್ತಿಯಿಡಲು ಮನಸ್ಸು ಬಾರದು, ನಿಜ. ಆದರೆ ಬೇರು ಹಳೆಯದಾದುದರಿಂದ ಚಿಗುರು ಬೇಗ ಏರುತ್ತದೆ. ಹಲವು ಚಿಗುರುಗಳಲ್ಲಿ ನೆಟ್ಟಗಿರುವ ಒಂದನ್ನುಳಿಸಿ ಬೇರೆಯವನ್ನು ಚಿವುಟಬೇಕು. ತೆಂಗು, ಅಡಿಕೆಗಳಿಗೆ ಈ ಉಪಾಯ ಸಲ್ಲದು; ತಲೆ ಹೋದರೆ ಅವು ಸತ್ತಂತೆಯೇ.

ಓರೆಯೆಲ್ಲ ಗಾಳಿಯ ತಪ್ಪೂ ಅಲ್ಲ. ನೇರವಾಗಿ ಬೆಳೆಯುವುದು ಒಂದಷ್ಟು ವಂಶಗುಣ. 1988ರಲ್ಲಿ ಕೊಯಮುತ್ತೂರಿನಲ್ಲಿ ಸ್ಥಾಪನೆಯಾದ ಅರಣ್ಯ ತಳಿಶಾಸ್ತ್ರ ಮತ್ತು ವೃಕ್ಷತಳಿ ಅಭಿವೃದ್ಧಿ ಸಂಸ್ಥೆಯವರು ಗಾಳಿಮರ, ನೀಲಗಿರಿ ಮರಗಳ ತಳಿಗಳನ್ನು ಆರಿಸುವಾಗ ಕಾಂಡದ ನೇರವನ್ನೂ ನೋಡುತ್ತಾರೆ. ಕೊಳ್ಳುವಾಗಲೇ ನೆಟ್ಟಗಿರುವ ಸಸಿಯನ್ನು ಆರಿಸಿದರೆ ಅರ್ಧ ಕೆಲಸ ಮುಗಿದಂತೆ.

ಕೊನೆಯದಾಗಿ ಒಂದು ಮಾತು. ತಿಂಗಳಿಗೊಮ್ಮೆ ಕಟ್ಟನ್ನು ನೋಡಿ ಸಡಿಲಿಸಬೇಕು. ವರ್ಷದೊಳಗೆ ಗೂಟವನ್ನೇ ಕಿತ್ತುಬಿಡಬೇಕು. ಮರೆತು ಬಿಟ್ಟ ಕಟ್ಟು ತೊಗಟೆಯೊಳಗೆ ಇಳಿದು ಗಿಡದ ಕುತ್ತಿಗೆ ಹಿಸುಕುತ್ತದೆ. ಊರುಗೋಲು ಕೊಡಲು ಬಹಳ ಜನರಿದ್ದಾರೆ, ಹೊತ್ತಿಗೆ ಸರಿಯಾಗಿ ತೆಗೆಯುವವರು ಕಡಿಮೆ. ಗಿಡ ಸಾಕುವವರೂ ಮಕ್ಕಳನ್ನು ಸಾಕುವವರೂ ಇದನ್ನು ನೆನಪಿಡುವುದೊಳ್ಳೆಯದು.