ಪದವಿಯಲ್ಲಿ ವೃದ್ಧಾಪ್ಯಶಾಸ್ತ್ರ

ಮುಪ್ಪನ್ನು ದೇಹ, ಮನಸ್ಸು, ಸಮಾಜ ಎಂಬ ಮೂರೂ ನೆಲೆಗಳಲ್ಲಿ ಅಧ್ಯಯನ ಮಾಡುವ ವೃದ್ಧಾಪ್ಯಶಾಸ್ತ್ರವು, ವೃದ್ಧರ ಕಾಯಿಲೆಗಳಿಗೆ ಚಿಕಿತ್ಸೆ ನೀಡುವ ವೈದ್ಯಕೀಯ ವಿಭಾಗವಾದ ಜೀರಿಯಾಟ್ರಿಕ್ಸ್‌ಗಿಂತ ವಿಶಾಲವಾದುದು. ಪದವಿಯ ಮುಖ್ಯ ವಿಷಯದ ಜೊತೆಗೆ ಕಡಿಮೆ ಕ್ರೆಡಿಟ್‌ಗಳಲ್ಲಿ ಓದುವ ಉಪವಿಷಯವೇ ಮೈನರ್. ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಸಮಾಜಶಾಸ್ತ್ರ ಓದುವವರಿಗೆ ವೃದ್ಧಾಪ್ಯಶಾಸ್ತ್ರವು ಇಂಥ ಉಪವಿಷಯವಾಗಿ ದೊರೆತರೆ ಪಠ್ಯವನ್ನು ಊರಿನಲ್ಲೇ ಒರೆಗೆ ಹಚ್ಚಬಹುದು: 2007ರ ಕೇಂದ್ರ ಕಾಯ್ದೆಯು 60 ವರ್ಷ ತುಂಬಿದವರನ್ನು ಹಿರಿಯ ನಾಗರಿಕರೆಂದು ಗುರುತಿಸಿದರೆ, ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು; ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಸೋಲಿಗರ ವಸತಿಗಳಲ್ಲಿ, ಜನನ ದಾಖಲೆಯಿಲ್ಲದ ಅಜ್ಜಿಯ ವಯಸ್ಸನ್ನು ನಿರ್ಧರಿಸುವುದು ಹೇಗೆಂಬುದು ಅದಕ್ಕೂ ಮೊದಲಿನ ಪ್ರಶ್ನೆ. ವೃದ್ಧಾಶ್ರಮಕ್ಕೆ ಒಂದು ದಿನ ಹೋಗಿಬಂದು, ಹಣ್ಣು ಹಂಚಿದ ಫೋಟೊದೊಡನೆ ವರದಿ ಬರೆಯುವುದಕ್ಕಿಂತ, ಇಂಥ ಪ್ರಶ್ನೆಯನ್ನು ತಾಲ್ಲೂಕು ಕಚೇರಿಯವರೆಗೆ ಬೆನ್ನಟ್ಟುವುದೇ ಉತ್ತಮ ಕ್ಷೇತ್ರಕಾರ್ಯ.